ಡಾಕ್ಟರ್ ಸೀಟಿಗಾಗಿ ಒಂದು ದಿನ ಬಡವನಾದದ್ದು

ಕಾಂಕ್ರೀಟ್ ಕ್ಯೂಬುಗಳನ್ನು ಯಂತ್ರದ ಬಾಯಿಗಿಟ್ಟು ಪುಡಿಮಾಡುವುದು ನನ್ನ ಉದ್ಯೋಗ. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಪ್ರಯೋಗಶಾಲೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಕಟ್ಟಡದ ಎಂಜಿನಿಯರ್ ಎಷ್ಟೇ ಒಳ್ಳೆಯ ಟೈ ಕಟ್ಟಿಕೊಂಡು ಬಂದು ಆಣೆ ಹಾಕಲಿ, ಅವನ ಕ್ಯೂಬು ಎರಕ ಹೊಯ್ದ ಇಪ್ಪತ್ತೆಂಟನೆಯ ದಿನ ನನ್ನ ಕಣ್ಣೆದುರಿಗೇ ಭಾರ ತಡೆಯದ ಹೊರತು ನಾನು ನಂಬುವವನಲ್ಲ. ಇದನ್ನು ಕಚೇರಿಯಲ್ಲಿ ವೈಜ್ಞಾನಿಕ ಮನೋಭಾವ ಎನ್ನುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಜರ್ಟ್ರೂಡ್ ಇದಕ್ಕೆ ಬೇರೆಯೇ ಹೆಸರಿಟ್ಟಿದ್ದಾಳೆ, ಅದು ಅಚ್ಚಾಗುವಂಥದ್ದಲ್ಲ.

ಆ ವರ್ಷದ ಜೂನಿನಲ್ಲಿ ನಮ್ಮ ಏಕಮಾತ್ರ ಪುತ್ರಿ ಕ್ಯಾರೊಲಳ ಹನ್ನೆರಡನೆಯ ತರಗತಿಯ ಫಲಿತಾಂಶ ಬಂತು. ಅಂಕಗಳು ಎಷ್ಟು ಚೆನ್ನಾಗಿದ್ದವೆಂದರೆ ನಾನು ಮೂರು ಸಲ ಕೂಡಿಸಿ ನೋಡಿದೆ. ಅವಳಿಗೆ ಡಾಕ್ಟರಾಗಬೇಕು, ಬೇರೇನೂ ಬೇಡ. ಆದರೆ ಗಲ್ಫಿನವರ ಮಕ್ಕಳೆಂದರೆ ಊರಿನ ಮೆಡಿಕಲ್ ಕಾಲೇಜುಗಳಿಗೆ ಡಾಲರಿನ ಗಿಡಗಳು. ಅನಿವಾಸಿ ಸೀಟಿಗೆ ಅವರು ಹೇಳುವ ಅಂಕಿಯ ಪಕ್ಕದಲ್ಲಿ ನನ್ನ ಸಂಬಳವನ್ನು ನಿಲ್ಲಿಸಿದರೆ, ಅದು ಅಪ್ಪನ ಕೈ ಹಿಡಿದು ಸಂತೆಗೆ ಬಂದ ಮಗುವಿನಂತೆ ಕಾಣುತ್ತಿತ್ತು. ಕರ್ನಾಟಕದವರಿಗೇ ಇರುವ ರಾಜ್ಯದ ಸೀಟು, ರಾಜ್ಯದ ದರ, ಅದು ಸಿಕ್ಕರೆ ಮಗಳು ಡಾಕ್ಟರು. ಸಿಗದಿದ್ದರೆ ಬಿ.ಎಸ್ಸಿ. ಮಾಡಿ ನನ್ನ ಹಾಗೆ ಏನನ್ನಾದರೂ ಒಡೆಯುತ್ತಿರಬೇಕು.

ಆಗಲೇ ಸುದ್ದಿ ಬಂತು. ಬಯಲುಸೀಮೆಯ ಒಂದು ಮೆಡಿಕಲ್ ಕಾಲೇಜಿನ ಟ್ರಸ್ಟಿನ ಕಾರ್ಯದರ್ಶಿ ವೆಂಕಟರಾಮು ಎನ್ನುವವರು ಗಲ್ಫ್ ಪ್ರವಾಸದಲ್ಲಿದ್ದಾರೆ, ದೋಹಾದಲ್ಲಿ ಆಸಕ್ತರ ಮನೆಗಳಿಗೆ ತಾವೇ ಬಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ ಎಂದು. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ. ಶನಿವಾರ ಬೆಳಿಗ್ಗೆ ಅವರಿಗೆ ಬಹ್ರೇನಿನ ವಿಮಾನ.

"ನನ್ನ ಹೊಸ ಡಿನ್ನರ್ ಸೆಟ್ ತೆಗಿತೇನೆ," ಎಂದಳು ಜರ್ಟ್ರೂಡ್. "ಹಮೂರ್ ಮೀನಿನ ಫ್ರೈ, ಬಿರಿಯಾನಿ. ಅವರು ತಿನ್ನದಿದ್ರೆ ಪನೀರ್."

(ನಮ್ಮ ಮನೆಯ ಜಗಳಗಳು ಕೊಂಕಣಿಯಲ್ಲಿ ನಡೆಯುತ್ತವೆ. ಓದುಗರಿಗಾಗಿ ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಖಾರ ಸ್ವಲ್ಪ ಚೆಲ್ಲಿಹೋಗಿದೆ.)

"ಅಲ್ಲೇ ತಪ್ಪುವುದು," ಎಂದೆ. "ಡಿನ್ನರ್ ಸೆಟ್ ನೋಡಿದ ಕೂಡಲೇ ಅವರು ಡಾಲರ್ ಫಾರಂ ತೆಗಿತಾರೆ. ದೊಡ್ಡ ಟಿವಿ, ಡೀಪ್ ಫ್ರೀಜರ್, ಇರಾನಿ ಕಾರ್ಪೆಟ್, ಇದೆಲ್ಲ ನಮ್ಮ ವಿರುದ್ಧದ ಸಾಕ್ಷಿ. ನಾವು ಬಡವರ ಹಾಗೆ ಕಾಣಬೇಕು."

"ಹದಿನೇಳು ವರ್ಷ ಇದನ್ನೆಲ್ಲ ಒಟ್ಟು ಮಾಡಿದ್ದು ಬಡವರ ಹಾಗೆ ಕಾಣಬಾರದೂಂತ ಅಲ್ವಾ?"

"ಇದು ಪ್ರಯೋಗ, ಜರ್ಟಿ. ಒಂದೇ ಮಧ್ಯಾಹ್ನದ್ದು."

"ಆ ಕಾಲೇಜಿನವರು ಕಳಿಸಿದ ಮಾಹಿತಿ ಪುಸ್ತಕದ ಹಿಂದಿನ ಪುಟ ಓದಿದ್ದೀರಾ? ಅದರಲ್ಲಿ ನಿಯಮ..."

"ಕಾಲೇಜಿನವರು ಕಾಲೇಜಿನ ಬಗ್ಗೆ ಅಚ್ಚು ಮಾಡಿದ್ದು ಪುರಾವೆಯಲ್ಲ, ಜಾಹೀರಾತು," ಎಂದು ನಾನು ಆ ವಿಷಯವನ್ನು ಮುಗಿಸಿದೆ. ಆಕೆ ಒಂದು ಕ್ಷಣ ನನ್ನನ್ನು ನೋಡಿ, "ಹಾಗಾದ್ರೆ ಸರಿ. ಫ್ರೀಜರ್ ಮೊದಲು ತೆಗೀರಿ," ಎಂದಳು. ಇಷ್ಟು ಬೇಗ ಆಕೆ ಸೋತದ್ದು ಅನುಮಾನಾಸ್ಪದವೆಂದು ಒಬ್ಬ ಸಂದೇಹವಾದಿಗೆ ಹೊಳೆಯಬೇಕಿತ್ತು.

ನಾವಿರುವುದು ದೋಹಾದ ಮುಐದರ್ ಬಡಾವಣೆಯ ಒಂದು ವಿಲ್ಲಾದ ಅರ್ಧದಲ್ಲಿ. ಇನ್ನರ್ಧದಲ್ಲಿ ಉಳ್ಳಾಲದ ಯಾಕೂಬ್ ಸಾಯ್ಬರ ಸಂಸಾರ. ನಡುವೆ ಒಂದು ಪ್ಲೈವುಡ್ ಗೋಡೆ. ಅದರ ಮಹಿಮೆಯಿಂದ ನಾನು ಹೇಳಲು ಹೋಗುವಷ್ಟರಲ್ಲಿ ಯಾಕೂಬರಿಗೆ ವಿಷಯ ಪೂರ್ತಿ ಗೊತ್ತಿತ್ತು. ಊರಿನಲ್ಲಿ ಕ್ರೈಸ್ತರನ್ನು ಕರೆಯುವಂತೆ ಅವರು ನನ್ನನ್ನು ಪೊರ್ಬುಗಳೆಂದೇ ಕರೆಯುವುದು.

"ಪೊರ್ಬುಗಳೇ, ಎಂತ ಹೆದರಿಕೆ? ಎಲ್ಲ ನಮ್ಮ ಮಜ್ಲಿಸಿಗೆ ಹಾಕಿ. ಯಾರು ಕೇಳಿದ್ರೂ ನಂದೇ ಅಂತ ಹೇಳ್ತೇನೆ. ಕುತ್ತಿಗೆ ಕೊಯ್ದ್ರೂ ಬಾಯಿ ಬಿಡುದಿಲ್ಲ. ಖಲಾಸ್!"

ಗುರುವಾರ ಸಂಜೆ ಟಿವಿ, ಫ್ರೀಜರ್, ಸೋಫಾ, ಕಾರ್ಪೆಟ್, ಟೆಲಿಫೋನ್, ಹೊಲಿಗೆ ಯಂತ್ರ, ಎಲ್ಲವೂ ಅಂಗಳದಲ್ಲಿ ಯಾಕೂಬರ ಮಜ್ಲಿಸಿಗೆ, ಅಂದರೆ ಅವರ ಅತಿಥಿಗಳ ಕೋಣೆಗೆ, ಮೆರವಣಿಗೆ ಹೊರಟವು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಜರ್ಟ್ರೂಡ್ ಪೊರಕೆ ಹಿಡಿದು, ಫ್ರೀಜರ್ ಇದ್ದ ಜಾಗವನ್ನು ಯಾಕೋ ಅತ್ಯಂತ ಸಂತೃಪ್ತಿಯಿಂದ ಗುಡಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಬಾಗಿಲು ಬಡಿಯಿತು. ಹಿಂದಿನ ಬೀದಿಯ ಹೇಜಲ್ ಬಾಯಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದರು.

"ಕಾಸ್ಮಿರ್, ಕ್ಯಾನ್ಸಲಾಯ್ತಂತೆ? ಛೇ! ಯಾವಾಗ ಎಕ್ಸಿಟ್?" ಎಂದರು. ಮತ್ತೆ ದನಿ ತಗ್ಗಿಸಿ, "ಫ್ರೀಜರಿಗೆ ಯಾರಿಗೂ ಮಾತು ಕೊಡ್ಬೇಡಿ ಆಯ್ತಾ?"

ಹದಿನೇಳು ವರ್ಷ ಗಲ್ಫಿನಲ್ಲಿದ್ದೂ ನಾನು ಮರೆತ ಸಂಗತಿ ಇದು. ಊರಿನಲ್ಲಿ ಬರಿದಾದ ಮನೆಯೆಂದರೆ ಬಡತನ. ಇಲ್ಲಿ ಬರಿದಾದ ಮನೆಗೆ ಒಂದೇ ಅರ್ಥ: ಕೆಲಸ ಹೋಗಿದೆ, ವೀಸಾ ರದ್ದಾಗಿದೆ, ಸಾಮಾನು ಮಾರಿ ವಿಮಾನ ಹತ್ತುವ ದಿನ ಬಂದಿದೆ. ಸತ್ಯ ಹೇಳೋಣವೆಂದರೆ ಹೇಜಲ್ ಬಾಯಿಯ ಬಾಯಿಗೂ ವೆಂಕಟರಾಮು ಅವರ ಕಿವಿಗೂ ದೂರವೆಷ್ಟೆಂದು ಹೇಳಲಾಗದು. ಪ್ರಯೋಗದ ಹಿತದೃಷ್ಟಿಯಿಂದ ನಾನು ನಿಟ್ಟುಸಿರು ಬಿಟ್ಟು ಆಕಾಶ ನೋಡಿದೆ. ಹನ್ನೊಂದು ಗಂಟೆಯೊಳಗೆ ನಾಲ್ವರು ಸಾಂತ್ವನ ಹೇಳಿಹೋದರು. ಒಬ್ಬರು ನನ್ನ ಕೆಲಸಕ್ಕೆ ತಮ್ಮ ಭಾವನ ಬಯೊಡೇಟಾ ಕೊಟ್ಟುಹೋದರು.

ಮಧ್ಯಾಹ್ನ ಒಂದಕ್ಕೆ ವೆಂಕಟರಾಮು ಬಂದರು. ಹೊರಗೆ ನಲವತ್ತಾರು ಡಿಗ್ರಿ. ಕಿಟಕಿಯ ಎಸಿಯನ್ನು ಕಿತ್ತು ಸಾಗಿಸಲಾಗದ್ದರಿಂದ ನಾನು ಅದನ್ನು ಆರಿಸಿ, "ಕೆಟ್ಟಿದೆ, ರಿಪೇರಿಗೆ ಕೊಡುವ ಸ್ಥಿತಿಯಿಲ್ಲ," ಎಂದೆ. ಅವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕರ್ಚೀಫು ಹಿಂಡಿಕೊಂಡರು. ಮೆಲಮೈನ್ ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ ಮತ್ತು ಮಾವಿನ ಉಪ್ಪಿನಕಾಯಿ ಬಡಿಸಿದೆವು. ಅವರು ಒಂದು ತುತ್ತು ಉಂಡು ಕಣ್ಣು ಮುಚ್ಚಿದರು. ಕರುಣೆ ಉಕ್ಕುತ್ತಿದೆ ಎಂದುಕೊಂಡೆ.

"ಹತ್ತು ದಿನದಿಂದ ಮೂರು ಹೊತ್ತೂ ಬಿರಿಯಾನಿ ವಾಸನೆ, ಪನೀರು. ಇವತ್ತು ಹೊಟ್ಟೆ ತಣ್ಣಗಾಯ್ತು ತಾಯಿ. ಇನ್ನೊಂಚೂರು ಹಾಕಿ," ಎಂದರು. ಪ್ರಯೋಗದ ಮೊದಲ ಅಂಕಿ ಸ್ವಲ್ಪ ವಕ್ರವಾಗಿ ಬಂದಂತಾಯಿತು.

ಉಂಡು ಕೈತೊಳೆದು, "ಮಗು ಏಳನೇ ಕ್ಲಾಸಿನವರೆಗೆ ಎಲ್ಲಿ ಓದಿದ್ದು?" ಎಂದು ಕೇಳಿದರು.

"ಶಿರ್ವದಲ್ಲಿ ಅಂಕಲ್, ಅಜ್ಜಿ ಮನೆಯಲ್ಲಿ," ಎಂದಳು ಕ್ಯಾರೊಲ್.

"ಏಳು ವರ್ಷ ನಮ್ಮ ರಾಜ್ಯದಲ್ಲಿ ಓದಿದ್ರೆ ನಮ್ಮ ಟ್ರಸ್ಟಲ್ಲಿ ರಾಜ್ಯದ ಸೀಟೇ. ಅಪ್ಪ ಕತಾರಲ್ಲಿರಲಿ, ಚಂದ್ರಲೋಕದಲ್ಲಿರಲಿ. ಅಂಕನೂ ಭರ್ಜರಿ. ಅದರಲ್ಲೇನೂ ತೊಂದ್ರೆ ಇಲ್ಲ."

ಕ್ಯಾರೊಲ್ ಸ್ಟೂಲಿನಿಂದ ಹಾರಿ ಎದ್ದಳು. ನನಗೂ ಕುಣಿಯಬೇಕೆನಿಸಿತು. ಆಗ ವೆಂಕಟರಾಮು ಗೋಡೆಯ ಕಡೆ ನೋಡಿದರು. ಟಿವಿಯ ಮೇಜು ಇದ್ದಲ್ಲಿ ಬಣ್ಣ ಮಾಸದ ಒಂದು ಚೌಕ. ನೆಲದ ಮೇಲೆ ಕಾರ್ಪೆಟ್ಟಿನ ಅಚ್ಚು.

"ಇಂಥಾ ಗೋಡೆ ನಾನು ಗಲ್ಫಲ್ಲಿ ಬೇಕಾದಷ್ಟು ನೋಡಿದೀನಿ," ಎಂದು ಮೆಲ್ಲಗೆ ಹೇಳಿದರು. "ಯಾವತ್ತು ಹೊರಡೋದು?"

"ಎಲ್ಲಿಗೆ?"

"ಬೀದಿಯಲ್ಲೇ ಹೇಳಿದ್ರು ಸ್ವಾಮಿ, ಕ್ಯಾನ್ಸಲ್ ಆಗಿದೆ ಅಂತ. ಸೀಟು ಕೊಡೋದಕ್ಕೆ ನನಗೇನೂ ಇಲ್ಲ. ಆದ್ರೆ ರಾಜ್ಯದ ದರ ಆದ್ರೂ ಐದು ವರ್ಷ ಕಟ್ಟಬೇಕಲ್ಲ? ದುಡಿಮೆ ನಿಂತವರ ಮಗುನ ಸೇರಿಸ್ಕೊಂಡು ಎರಡನೇ ವರ್ಷ ಹೊರಗೆ ಕಳಿಸಿದ್ದು ಎರಡು ಸಲ ಆಗಿದೆ. ಮೂರನೇ ಸಲ ನನ್ನ ಕೈಲಾಗಲ್ಲ."

ಕ್ಯಾರೊಲ್ ಕೂತುಬಿಟ್ಟಳು. ಅವಳ ಮುಖ ನೋಡಿದ ಮೇಲೆ ನನ್ನಲ್ಲಿ ಸಿದ್ಧಾಂತವೆಂಬುದು ಉಳಿಯಲಿಲ್ಲ.

"ಸಾರ್, ನನಗೆ ಕೆಲಸ ಉಂಟು! ಸೋಫಾ ಉಂಟು! ಟಿವಿ ಉಂಟು, ಇಪ್ಪತ್ತೊಂಬತ್ತು ಇಂಚು! ಬನ್ನಿ ತೋರಿಸ್ತೇನೆ," ಎಂದು ಅವರ ಕೈ ಹಿಡಿದು ಯಾಕೂಬರ ಮಜ್ಲಿಸಿಗೆ ಎಳೆದುಕೊಂಡು ಹೋದೆ. ಅಲ್ಲಿ ಎರಡು ಟಿವಿ, ಎರಡು ಫ್ರೀಜರ್, ಎರಡು ಸೋಫಾಗಳ ನಡುವೆ, ಗೋದಾಮಿನ ಕಾವಲುಗಾರನಂತೆ ಯಾಕೂಬರು ಕೂತಿದ್ದರು.

"ಸಾಯ್ಬ್ರೇ, ಇದೆಲ್ಲ ಯಾರದ್ದು ಹೇಳಿ!"

ಯಾಕೂಬರು ನನ್ನನ್ನು ನೋಡಿದರು, ಕಾರ್ಯದರ್ಶಿಯನ್ನು ನೋಡಿದರು, ನನ್ನತ್ತ ಒಂದು ಕಣ್ಣು ಮಿಟುಕಿಸಿದರು.

"ನಂದು," ಎಂದರು.

"ಅಯ್ಯೋ, ಪ್ಲಾನ್ ಬದಲಾಗಿದೆ ಮಾರಾಯ್ರೇ! ನಿಜ ಹೇಳಿ!"

"ನಿಜವೇ ಹೇಳುದು. ಪಾಪ ಸಾರ್, ಪೊರ್ಬುಗಳ ಹತ್ರ ಎಲ್ಲ ಮಾಫಿ, ಏನೂ ಇಲ್ಲ. ಒಂದು ಸೂಜಿ ಸಹ ಇಲ್ಲ."

"ಆ ಕಾರ್ಪೆಟ್ ನಂದಲ್ವಾ? ನೀವೇ ನಿನ್ನೆ ಹೊತ್ತು ತಂದದ್ದಲ್ವಾ?"

ಯಾಕೂಬರ ಕಣ್ಣಲ್ಲಿ ನೀರು ಬಂತು. ಈ ಮಟ್ಟದ ಅಭಿನಯ ನನ್ನಿಂದ ಅವರು ನಿರೀಕ್ಷಿಸಿರಲಿಲ್ಲ. "ಕೆಲಸ ಹೋದ ಚಿಂತೆಯಲ್ಲಿ ಹೀಗೆ ಮಾತಾಡ್ತಾರೆ ಸಾರ್. ಬೆಳಿಗ್ಗೆಯಿಂದ ಹೀಗೆಯೇ," ಎಂದು ನನ್ನ ಬೆನ್ನು ಸವರಿದರು. ವೆಂಕಟರಾಮು ಇನ್ನೊಂದು ಕಡೆಯಿಂದ ಸವರಿದರು. ಇಬ್ಬರೂ ಸೇರಿ ನನ್ನನ್ನು ನಿಧಾನವಾಗಿ ನನ್ನ ಮನೆಗೆ ನಡೆಸಿಕೊಂಡು ಬಂದರು.

ಮನೆ ತಂಪಾಗಿತ್ತು. ಯಾರೋ ಎಸಿ ಹಾಕಿದ್ದರು.

"ಅಂಕಲ್," ಎಂದಳು ಕ್ಯಾರೊಲ್, ನನ್ನ ಮುಖ ನೋಡದೆ. "ಎಸಿ ಕೆಟ್ಟಿಲ್ಲ. ಪಪ್ಪನ ಜಾಬ್ ಸಹ ಹೋಗ್ಲಿಲ್ಲ. ಪುವರ್ ಕಂಡ್ರೆ ಸೀಟ್ ಸಿಗ್ತದೆ ಅಂತ ಪಪ್ಪ ಹೀಗೆ ಮಾಡಿದ್ದು. ಸುಳ್ಳು ಹೇಳಿ ಡಾಕ್ಟರ್ ಆಗ್ಲಿಕ್ಕೆ ನನಗೆ ಬೇಡ."

ಯಾಕೂಬರು "ಅಲ್ಲಾ!" ಎಂದು ಮೆಲ್ಲನೆ ಹಿಂದೆ ಸರಿದು ಬಾಗಿಲಾಚೆ ಮರೆಯಾದರು.

ಜರ್ಟ್ರೂಡ್ ಒಳಗಿನಿಂದ ಒಂದು ಕಂದು ಲಕೋಟೆ ತಂದು ಕಾರ್ಯದರ್ಶಿಯ ಮುಂದಿಟ್ಟಳು. ಆಕೆ ಒಂದು ಕ್ಲಿನಿಕ್ಕಿನಲ್ಲಿ ಹನ್ನೆರಡು ವರ್ಷಗಳಿಂದ ಗುಮಾಸ್ತೆ.

"ಶಿರ್ವ ಶಾಲೆಯ ಸರ್ಟಿಫಿಕೇಟ್ ಉಂಟು ಸಾರ್, ಏಳು ವರ್ಷದ್ದು. ತಂದೆ ತಾಯಿಯಲ್ಲಿ ಒಬ್ಬರ ಸಂಬಳದ ಪತ್ರ ಅಂತ ನಿಮ್ಮ ಪುಸ್ತಕದ ಹಿಂದಿನ ಪುಟದಲ್ಲಿತ್ತು. ಬುಧವಾರವೇ ನಮ್ಮ ಆಫೀಸಿನಿಂದ ನನ್ನದು ತಂದಿಟ್ಟೆ."

"ಬುಧವಾರವೇ?" ಎಂದೆ ನಾನು. "ಮತ್ತೆ ಗುರುವಾರ ನಾನು ಫ್ರೀಜರ್ ಹೊತ್ತದ್ದು?"

"ಅದರ ಅಡಿ ಗುಡಿಸ್ಲಿಕ್ಕೆ ಅದನ್ನು ಒಮ್ಮೆ ಸರಿಸಿ ಅಂತ ಎರಡು ವರ್ಷದಿಂದ ಹೇಳ್ತಿದ್ದೆ. ನೀವಾಗಿ ಎತ್ತಿದಿರಿ. ಬೇಡ ಅಂತ ಹೇಳ್ಬೇಕಿತ್ತಾ?"

ವೆಂಕಟರಾಮು ಕಾಗದಗಳನ್ನು ಒಂದೊಂದಾಗಿ ಓದಿದರು, ಬೆಳಕಿಗೆ ಹಿಡಿದು ಮೊಹರು ನೋಡಿದರು. ನಂತರ ಚೀಲದಿಂದ ರಾಜ್ಯದ ಸೀಟಿನ ಅರ್ಜಿ ತೆಗೆದು ಕ್ಯಾರೊಲಳ ಹೆಸರು ಬರೆದರು. "ನಿಜ ಹೇಳೋ ಡಾಕ್ಟ್ರು ಕಡಿಮೆ. ನೀನು ಬಾಮ್ಮ," ಎಂದರು. ತಾಯಿ ಮಗಳು ತಬ್ಬಿಕೊಂಡರು. ಪ್ಲೈವುಡ್ ಗೋಡೆಯಾಚೆಯಿಂದ "ಮಬ್ರೂಕ್!" ಎಂಬ ಅಭಿನಂದನೆಯ ಕೂಗು ಕೇಳಿಸಿತು.

ಪಾಲಕರ ಜಾಗದಲ್ಲಿ ಜರ್ಟ್ರೂಡಳ ಹೆಸರು, ಉದ್ಯೋಗ, ಸಂಬಳ ಎಲ್ಲವೂ ಇಳಿದವು.

"ನನ್ನದೂ ಬರೆಯಿರಿ ಸಾರ್," ಎಂದೆ. "ಹಿರಿಯ ತಂತ್ರಜ್ಞ. ಹದಿನೇಳು ವರ್ಷ."

"ಸಂಬಳದ ಪತ್ರ?"

"ಇವತ್ತು ಆಫೀಸಿಗೆ ರಜೆ. ನಾಳೆ ತರ್ತೇನೆ."

"ನಾಳೆ ನಾನು ಬಹ್ರೇನಲ್ಲಿರ್ತೀನಿ. ತಪ್ಪು ತಿಳೀಬೇಡಿ, ನನ್ನದೊಂದು ಅಭ್ಯಾಸ. ಕಣ್ಣೆದುರಿಗೆ ಪುರಾವೆ ಇಲ್ಲದ್ದನ್ನ ನಾನು ಬರೆಯಲ್ಲ."

ಇಷ್ಟು ಶಿಸ್ತಿನ ವೈಜ್ಞಾನಿಕ ಮನೋಭಾವವನ್ನು ನಾನು ಜೀವನದಲ್ಲಿ ಮೊದಲ ಬಾರಿಗೆ ಎದುರುಗಡೆಯಿಂದ ನೋಡುತ್ತಿದ್ದೆ. ಅವರು ಪುಟ ತಿರುಗಿಸಿದರು. 'ದುಡಿಯುವ ಪಾಲಕರ ಅವಲಂಬಿತರು' ಎಂಬ ಕೋಷ್ಟಕದಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಂಡರು: ಒಂದು, ಕ್ಯಾರೊಲ್, ಪುತ್ರಿ, ಹದಿನೆಂಟು. ಎರಡು, ಕಾಸ್ಮಿರ್, ಪತಿ, ನಲವತ್ತಾರು.

ಪಕ್ಕದ ಅಂಕಣದಲ್ಲಿ ಪೆನ್ನು ನಿಂತಿತು. ಅವರು ತಲೆಯೆತ್ತಿ ಜರ್ಟ್ರೂಡಳನ್ನು ಕೇಳಿದರು:

"ಅವಲಂಬಿತರ ಆರೋಗ್ಯಸ್ಥಿತಿ ಅಂತಿದೆ ತಾಯಿ. ಯಜಮಾನರಿಗೆ ಏನು ಬರೀಲಿ?"

ಜರ್ಟ್ರೂಡ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಮೈ ಗಟ್ಟಿಯುಂಟು ಸಾರ್," ಎಂದಳು. "ಅಷ್ಟೇ ಬರ್ಕೊಳ್ಳಿ."