ಮಹಾಗಾಂವಕ್ಕ ಎರಡು ಸಲ ಬಂದ ಮಳಿ

ನಾ ಯಾವ ಕೆಲಸಕ್ಕ ಕೈ ಹಾಕಿದ್ರೂ ಅದು ನೆಟ್ಟಗ ಆಗೋಕಿಂತ ಮೊದಲ ನಾಕು ಮಂದಿನ್ನ ನಗಸೇ ನಗಸ್ತದ. ಹಣೇಬರಹ, ಯಾರಿಗೆ ಹೇಳೋದು? ನಮ್ಮ ಆಫೀಸ್ ಕಲಬುರಗಿಯ ಜೇವರ್ಗಿ ಕಾಲೋನಿದಾಗ, ಹಲ್ಲಿನ ದವಾಖಾನಿ ಮ್ಯಾಲ ಅದ. ಹವಾಮಾನದ ಮಾಹಿತಿ ದಿನಾ ಇಂಟರ್ನೆಟ್‌ನಾಗ ತಾನಾಗೇ ಬರ್ತದ. ಅದನ್ನ ಓದಿ, ಊರೂರಿಗೆ ಬಿಡಿಸಿ, ರೈತರ ಮೊಬೈಲಿಗೆ ಮೆಸೇಜ್ ಕಳಸೋ ಕಂಪ್ಯೂಟರ್ ಪ್ರೋಗ್ರಾಂ, ಅಂದ್ರ ಸ್ಕ್ರಿಪ್ಟ್, ಬರದಾಕಿ ನಾನು. ತೊಗರಿ ರಾಶಿ ದಿನದಾಗ, ಅದೂ ಆಕಾಶಕ್ಕ ಮೋಡ ಕಟ್ಟಿದ ವಾರನೇ ಅದಕ್ಕೇನು ಬಡೀತೋ, ಒಂದೊಂದು ಮೆಸೇಜ್ ಎರಡೆರಡು ಸಲ ಹೋಗಾಕತ್ತು.

೧. ಕೂಡಿಸೋ ಲೆಕ್ಕ

ಮೊದಲ ಫೋನ್ ಬಂದಿದ್ದು ಕಮಲಾಪುರದ ಒಬ್ಬ ಕಾಕಾಂದು.

"ಮೇಡಂರೀ, 'ಸಂಜೆಗೆ ಹಗುರ ಮಳೆ' ಅಂತ ಎರಡು ಸಲ ಬಂದದ. ಎರಡೂ ಕೂಡಿಸಿದ್ರ ಜೋರು ಮಳಿ ಆತೇನ್ರಿ?"

"ಇಲ್ರಿ ಕಾಕಾ, ಮಳಿ ಒಂದೇ. ಒಂದು ಮೆಸೇಜ್ ತಪ್ಪಿ ಬಂದದ."

"ಹಂಗಾದ್ರ ತಪ್ಪಿದ್ದು ಯಾವುದ್ರಿ, ಮೊದಲಿಂದೋ ಹಿಂದಿಂದೋ?"

"ಎರಡೂ ಒಂದೇ ಅವರಿ."

"ಮತ್ತ ಈಗ ಒಂದು ತಪ್ಪು ಅಂದ್ರಿ?"

ಅವರಿಗೆ ತಿಳಿಸಿ ಹೇಳೋದ್ರಾಗ ನನ್ನ ಚಹಾ ಆರಿ ನೀರಾತು. ಆ ಸಂಜಿಗೆ ಒಂದು ಹನಿ ಸುದ್ದ ಬೀಳಲಿಲ್ಲ. ಮರುದಿನ ಕಾಕಾನೇ ಫೋನ್ ಮಾಡಿದ್ರು. "ಎರಡೂ ತಪ್ಪಿದ್ವು ನೋಡ್ರಿ," ಅಂದು ಇಟ್ಟುಬಿಟ್ರು.

೨. ಇಬ್ಬರ ರೊಟ್ಟಿ

ಸ್ಕ್ರಿಪ್ಟ್ ಎಲ್ಲಿ ಎಡವಾಕತ್ತದ ಅಂತ ನೋಡಬೇಕಾದ್ರ ನಡುನಡುವ ಒಂದು ಗುರುತಿನ ಸಾಲು ಬರೀತೀವಿ. ಅಲ್ಲೀತನಕ ಕೆಲಸ ಬರಾಬ್ಬರಿ ನಡದ್ರ ಆ ಸಾಲು ನಮ್ಮ ಕಂಪ್ಯೂಟರ್ ಪರದಿ ಮ್ಯಾಲ ಕಾಣ್ತದ. ನಾ ಬರದಿದ್ದು "ಇಲ್ಲಿಗೆ ಬಂದೆ" ಅಂತ. ಅವಸರದಾಗ ತಪ್ಪು ಜಾಗಾದಾಗ ಬರದುಬಿಟ್ಟೆ. ಪರದಿ ಮ್ಯಾಲ ಬರೋದು ಬಿಟ್ಟು ರೈತರ ಮೊಬೈಲಿಗೆ ಹೋತು, ಅದೂ ಎರಡೆರಡು ಸಲ.

ಮಹಾಗಾಂವದಾಗ ನಮ್ಮ ದೊಡ್ಡವ್ವ ಅದಾಳ, ನಮ್ಮವ್ವನ ಅಕ್ಕ. ತೊಗರಿ ಬಿತ್ತೋದರಿಂದ ರಾಶಿತನಕ ಎಲ್ಲಾ ತಾನೇ ಮುಂದ ನಿಂತು ಮಾಡಿಸೋ ಹೆಣ್ಮಗಳು. ಮೆಸೇಜ್ ಕಳಸಾಕಿ ನಾನಂತ ಆಕಿಗೆ ಗೊತ್ತದ. ಮಧ್ಯಾಹ್ನ ಫೋನ್ ಮಾಡಿದ್ಲು.

"ಎಲ್ಲೀತನಕ ಬಂದೀಯವಾ? ರೊಟ್ಟಿ ಆರಾಕತ್ತಾವ."

"ನಾ ಬಂದಿಲ್ಲ ದೊಡ್ಡವ್ವ. ಅದು ಕಂಪ್ಯೂಟರ್ ಬಂದೆ ಅಂದಿದ್ದು."

"ಬರದಿದ್ರ ಇರಲಿ, ಇದೊಂದು ಕೇಳು. ತೊಗರಿ ಕಣದಾಗ ಹರವೀನಿ. ಮಳಿ ಬರೋದಿದ್ರ ಮೊದಲ ತಿಳಸು. ಈಗ ತೊಯ್ದ್ರ ವರ್ಷದ ಕಷ್ಟ ಮಣ್ಣಾಗ್ತದ."

ತಿಳಸೇ ತಿಳಸ್ತೀನಿ ಅಂದೆ.

"ಮತ್ತ ಎರಡು ಸಲ ಬಂದದಂತ ಇಬ್ಬರಿಗೆ ರೊಟ್ಟಿ ಬಡದೀನಿ," ಅಂದ್ಲು. "ಆ ಕಂಪ್ಯೂಟರ್ನಾರ ಊಟಕ್ಕ ಕಳಸು."

೩. ಒಂದು ಬಿಟ್ಟು ಒಂದು

ನಮ್ಮ ಸಾಹೇಬರಿಗೆ ತಡ ಅನ್ನೋದು ತಡಕೊಳ್ಳಾಕ ಆಗಂಗಿಲ್ಲ. "ಎರಡೆರಡು ಹೋಗಾಕತ್ತಾವಂದ್ರ ಒಂದು ಬಿಟ್ಟು ಒಂದು ಕಳಸ್ರಿ. ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ?" ಅಂದ್ರು. ದೊಡ್ಡವರು ಹೇಳ್ಯಾರಂತ ಹಂಗೇ ಮಾಡಿದೆ.

ಮರುದಿನ ಶರಣಸಿರಸಗಿಯ ಒಬ್ಬ ರೈತರು ಮೆಟ್ಟಲ ಏರಿ ಆಫೀಸಿಗೇ ಬಂದ್ರು. "ನಮ್ಮೂರಿಗೆ ಹವಾಮಾನನೇ ಬರವಲ್ದಲ್ರಿ. ಹೊಲ ಎಲ್ಲಾ ಪ್ಲಾಟ್ ಆದ್ವು, ಇವರಿಗ್ಯಾಕ ಮಳಿ ಅಂತ ಬಿಟ್ಟೀರೇನು?"

ತಗದು ನೋಡಿದ್ರ ಶರಣಸಿರಸಗಿಗೆ ಮೊದಲಿಂದನೂ ಒಂದೇ ಮೆಸೇಜ್ ಹೋಗ್ತಿತ್ತು. ಇದ್ದ ಆ ಒಂದನ್ನೇ ನಾ ಬಿಟ್ಟಿದ್ದೆ. ಹಂಗಾದ್ರ ಮಹಾಗಾಂವಕ್ಕ ಯಾಕ ಎರಡು? ಊರುಗಳ ಪಟ್ಟಿ ತಗದಾಗ ಗುಟ್ಟು ಬಯಲಾತು. ಕಮಲಾಪುರ ಹೊಸ ತಾಲೂಕು ಆದಮ್ಯಾಲ ಅಲ್ಲಿನ ಊರುಗಳನ್ನ ಅದರ ಕೆಳಗ ಬರದಿದ್ರು, ಆದ್ರ ಹಳೇ ಕಲಬುರಗಿ ತಾಲೂಕಿನ ಕೆಳಗಿಂದ ತಗದಿರಲಿಲ್ಲ. ಪಾಪ ಸ್ಕ್ರಿಪ್ಟ್, ಮಹಾಗಾಂವಕ್ಕ ಆ ತಾಲೂಕಿನಿಂದ ಒಮ್ಮಿ, ಈ ತಾಲೂಕಿನಿಂದ ಒಮ್ಮಿ ಹೋಗಿಬರ್ತಿತ್ತು.

ಪಟ್ಟಿ ಬರದವರು ನಮ್ಮ ಸಾಹೇಬರೇ. "ಹಳೇದು ಯಾಕ ತಗೀಲಿಲ್ರಿ ಸರ?" ಅಂದೆ.

"ಹೊಸ ರೇಷನ್ ಕಾರ್ಡ್ ಬಂತಂತ ಹಳೇದು ಯಾರರ ಒಗಿತಾರೇನ್ರಿ?"

ನಮ್ಮ ಮನ್ಯಾಗ ಮೂರು ಅದಾವ.

೪. ರಿಪೇರಿ

ಒಂದು ಬಿಟ್ಟು ಒಂದು ಕಳಸೋದು ನಿಲ್ಲಿಸಿ, ಹಳೇ ತಾಲೂಕಿನ ಕೆಳಗ ಉಳದಿದ್ದ ಕಮಲಾಪುರದ ಊರು ಅಳಸಿದೆ. ಮರುದಿನ ಮುಂಜಾನಿ ಎಲ್ಲಾ ಊರಿಗೂ ಒಂದಂದ್ರ ಒಂದೇ ಮೆಸೇಜ್ ಹೋತು: "ಮಧ್ಯಾಹ್ನ ಗುಡುಗು ಸಹಿತ ಭಾರಿ ಮಳೆ." ಸಾಹೇಬರು ಖುಷಿಗೆ ಎಲ್ಲರಿಗೂ ಚಹಾ ತರಿಸಿದ್ರು. ನಾ ಜಂಬದಿಂದ ದೊಡ್ಡವ್ವಗ ಫೋನ್ ಹಚ್ಚಿದೆ.

"ಮೆಸೇಜ್ ಬಂತೇನು?"

"ಬಂತು. ಒಂದೇ ಬಂತು."

"ತೊಗರಿ ಮುಚ್ಚಿದ್ಯೋ ಇಲ್ಲೋ?"

"ಯಾಕ ಮುಚ್ಚಲಿ? ಊಟಕ್ಕ ಒಂದೇ ಸಲ ಕರದ್ರ ಯಾರರ ಏಳ್ತಾರೇನವಾ? ಎರಡನೇ ಸಲ ಕರದ್ರ ಮನಸಿನಿಂದ ಕರದಾರ ಅಂತ. ಮಳಿ ಅಂದ್ರ ಎರಡು ಸಲ ಹೇಳಾಕಿ, ಇವತ್ತು ಒಂದೇ ಸಲ ಹೇಳಿದಿ. ಸುಮ್ಮ ಮಾತಿಗೆ ಅಂದಿರಬೇಕು ಅಂತ ಊರ ಮಂದಿ ಎಲ್ಲಾ ಹಂಗೇ ಬಿಟ್ಟಾರ."

ಕಿಡಕಿಯಾಗ ನೋಡಿದ್ರ ಮೂಡಲ ದಿಕ್ಕು ಆಗಲೇ ಕರ್ರಗಾಗಿತ್ತು.

"ದೊಡ್ಡವ್ವ, ಇದೇ ಎರಡನೇ ಸಲ ಅಂತ ತಿಳಕೋ. ಜಲ್ದಿ ಮುಚ್ಚು."

"ಹಂಗ ಹೇಳು ಮತ್ತ," ಅಂದಾಕಿ ಫೋನ್ ಸುದ್ದ ಬಂದ್ ಮಾಡದೇ ತಾಡಪತ್ರಿ ತರಾಕ ಓಡಿದ್ಲು.

ಉಳಿದ ಮಂದಿ ಗತಿ? ಅಳಸಿದ್ದ ಊರು ಎಲ್ಲಾ ಹಳೇ ಜಾಗಾಕ್ಕ ವಾಪಸ್ ಹಾಕಿ, ಮೆಸೇಜ್ ಮತ್ತ ಬಿಟ್ಟೆ. ಸಾಹೇಬರು ಚಹಾ ಕಪ್ ಹಿಡಕೊಂಡು ಹಿಂದ ಬಂದು ನಿಂತ್ರು.

"ಮತ್ತ ಎರಡೆರಡು ಹೋಗಾಕತ್ತಾವಲ್ರಿ. ಏನು ರಿಪೇರಿ ಮಾಡಿದ್ರಿ?"

"ಇದನ್ನೇರಿ ಸರ," ಅಂದೆ.

ಸಂಜಿಮುಂದ ದೊಡ್ಡವ್ವನ ಫೋನ್ ಬಂತು. "ಮಳಿ ದಬಾದಬಾ ಹೊಡೀತು. ತೊಗರಿ ಒಂದು ಕಾಳು ತೊಯ್ದಿಲ್ಲ. ಊರಾಗ ಎಲ್ಲರೂ ಮುಚ್ಚಿದ್ರು." ಕೇಳಿ ನನಗ ಕಣ್ಣಾಗ ನೀರೇ ಬಂತು. ಫೋನ್ ಇಟ್ಟು ಎರಡು ನಿಮಿಷ ಆಗಿರಲಿಲ್ಲ, ಮತ್ತ ಆಕಿದೇ ಫೋನು.

"ಮಳಿ ದಬಾದಬಾ ಹೊಡೀತು. ತೊಗರಿ ಒಂದು ಕಾಳು ತೊಯ್ದಿಲ್ಲ."

"ಆಗಲೇ ಹೇಳಿದಿಯಲ್ಲ ದೊಡ್ಡವ್ವ?"

"ಹೇಳೀನಿ. ಒಂದೇ ಸಲ ಹೇಳಿದ್ರ ನೀ ನಂಬತಿಯೋ ಇಲ್ಲೋ ಅಂತ."