ಪೆರುವೊಲು ಮೀನಿನ ರಕ್ಷಣೆಗಾಗಿ ಏರ್ಪಡಿಸಿದ ಔತಣ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಅರುವತ್ತರ ದಶಕದ ಆರಂಭದಲ್ಲಿ ನೇತ್ರಾವತಿ ನದಿಯ ಪೆರುವೊಲು ಮೀನನ್ನು ರಕ್ಷಿಸುವ ಹೊಣೆಯನ್ನು ನಾನು ಸ್ವಇಚ್ಛೆಯಿಂದ ವಹಿಸಿಕೊಂಡೆನು.

ಬಂದರಿನ ಅಕ್ಕಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ನನಗೆ, ರಜಾದಿನಗಳಲ್ಲಿ ಹೊಳೆಯ ಮೇಲ್ಭಾಗಕ್ಕೆ ಹೋಗಿ ಗಾಳ ಹಾಕುವುದೊಂದೇ ಸುಖ. ಗಾಳ ಕಚ್ಚಿದ ಪೆರುವೊಲು ಮನುಷ್ಯನನ್ನೇ ನೀರಿಗೆ ಎಳೆಯಬಲ್ಲದು. ಹೀಗಿರುವಲ್ಲಿ, ಅದರ ಮೊಟ್ಟೆ ಮರಿಗಳನ್ನು ಮುಕ್ಕುವ ತಿಲಾಪಿಯಾ ಎಂಬ ಪರದೇಶದ ಮೀನನ್ನು ಕಂಕನಾಡಿಯ ನಮ್ಮ ಮನೆಯ ಹಿಂದಿನ ಕೆರೆಗೆ ಯಾರೋ ಬಿಟ್ಟಿದ್ದರು. ಮಳೆಗಾಲದಲ್ಲಿ ಕೆರೆ ಉಕ್ಕಿದರೆ ಅದು ನೇತ್ರಾವತಿಯನ್ನು ಸೇರುವುದು ಖಚಿತ. ಆದುದರಿಂದ ಮಳೆಗೆ ಮೊದಲೇ ಸದರಿ ಮೀನನ್ನು ಊರವರಿಂದ ತಿನ್ನಿಸಿ ಮುಗಿಸತಕ್ಕದ್ದೆಂದು ತೀರ್ಮಾನಿಸಿದೆನು.

"ಬಂದರಿನಲ್ಲಿ ಬಂಗುಡೆ ರಾಶಿ ಬಿದ್ದಿರುವಾಗ ಕೆಸರಿನ ಮೀನು ಯಾರು ತಿಂತಾರೆ ಮಾರಾಯ್ರೆ?" ಎಂದು ಪತ್ನಿ ನೆಬಿಸಾ ಆಕ್ಷೇಪಣೆ ಸಲ್ಲಿಸಿದಳು.

"ನೀನು ಮಸಾಲೆ ಅರೆ. ಉಳಿದದ್ದು ನನಗೆ ಬಿಡು."

ನೆಬಿಸಾ ಅರೆದಳು. ಅನಾಹುತ ಅಲ್ಲಿಂದಲೇ ಶುರು. ಔತಣಕ್ಕೆ ಬಂದವರು ಬಟ್ಟಲು ನೆಕ್ಕಿದರು.

"ಇದು ಎಂತ ಮೀನು ಭಾವ? ಕೆರೆಯಲ್ಲಿ ಇನ್ನೂ ಉಂಟಾ?" ಎಂದು ಬಜಪೆಯಿಂದ ಬಂದಿದ್ದ ಅವಳ ಅಣ್ಣ ಹಸನಬ್ಬ ಕೇಳಿದ.

"ಬೇಕಾದಷ್ಟು ಉಂಟು. ಒಂದನ್ನೂ ಬಿಡದೆ ಕೊಂಡುಹೋಗಿ."

ಅಂದೇ ಸಂಜೆ ಎಲ್ಲರೂ ಬಲೆ ಬೀಸಿದರು. ಯೋಜನೆ ಸಫಲವಾಯಿತೆಂದು ನಾನು ಹಿಗ್ಗಿದೆನು. ಸಾರಿಗೆ ಹಾಕುವ ಮೀನನ್ನು ಇವರು ನೀರು ತುಂಬಿದ ಕೊಡಗಳಲ್ಲಿ ಜೀವಸಹಿತ ಒಯ್ಯುವುದೇಕೆಂದು ವಿಚಾರಿಸಲು ಮಾತ್ರ ನನಗೆ ತೋಚಲಿಲ್ಲ.

ಮಳೆ ಹಿಡಿದ ಮೇಲೆ ಬಜಪೆಗೆ ಹೋದಾಗ ತಿಳಿಯಿತು.

"ನಿಮ್ಮ ಮೀನನ್ನು ನಮ್ಮ ಕೆರೆಗೆ ಬಿಟ್ಟಿದ್ದೆ ಭಾವ," ಎಂದ ಹಸನಬ್ಬ. "ಮರಿ ಹಾಕಿದ್ದೇ ಹಾಕಿದ್ದು. ಮೊನ್ನೆ ಕಟ್ಟೆ ಒಡೆದು ಎಲ್ಲ ಹೊಳೆಗೆ ಹೋಯ್ತು."

ನಾನು ಕೊಡೆಯನ್ನೂ ಮರೆತು ಒಡೆದ ಕಟ್ಟೆಯತ್ತ ಹೊರಟೆನು.

"ಅಷ್ಟಕ್ಕೆ ಬೇಜಾರು ಎಂತಕ್ಕೆ? ನೀವು ಹೇಗೂ ಹೊಳೆಯಲ್ಲಿ ಗಾಳ ಹಾಕುವವರು. ನಿಮಗೇ ಸಿಗ್ತದೆ."

ಆ ಹೊಳೆ ನೇತ್ರಾವತಿಯಲ್ಲ, ಫಲ್ಗುಣಿ. ಅಲ್ಲಿಯೂ ಪೆರುವೊಲು ಇತ್ತು. ಅಷ್ಟರವರೆಗೆ ಅದಕ್ಕೆ ತಿಲಾಪಿಯಾದ ಪರಿಚಯವಿರಲಿಲ್ಲ. ಇತ್ತ ನಮ್ಮ ಕಂಕನಾಡಿಯ ಕೆರೆಯಾದರೋ, ಆ ವರ್ಷ ಉಕ್ಕಲೇ ಇಲ್ಲ.

ಮನೆಗೆ ಬಂದು ನೆಬಿಸಾಳಿಗೆ ಸಮಗ್ರ ವರದಿ ಒಪ್ಪಿಸಿದೆನು.

"ಇನ್ನು ಯಾವ ಮೀನನ್ನೂ ಉಳಿಸ್ಲಿಕ್ಕೆ ಹೋಗ್ಬೇಡಿ," ಎಂದಳು. "ಇದ್ದದ್ದು ಹೇಗಾದರೂ ಬದುಕಿಕೊಳ್ಳಲಿ."

ಸದರಿ ಆದೇಶವನ್ನು ಇಂದಿನವರೆಗೂ ಪಾಲಿಸಿಕೊಂಡು ಬಂದಿದ್ದೇನೆ.