ನರಹರಿರಾಯರು ಕೊಟ್ಟ ಅಪ್ಪಣೆ

"ಸೋಮವಾರ ಅಬಿಡ್ಸಿನ ಪ್ರೆಸ್ಸಿನವನ ಕೈಯಾಗ ನಿನ್ನ ಪುಸ್ತಕ ಇಡತೀನಿ. ಹೆಂಗಿರತೈತಿ ಗೊತ್ತೇನು? ಪುಟ ಕಟ್ಟಿ, ಅಂಚು ಬಿಟ್ಟು, ತಲಿಬರಹ ಹಾಕಿ, ಜರಿ ಅಂಚಿನ ಸೀರಿ ಮಡಚಿಟ್ಟಂಗ. ಈ ನರಹರಿ ಹಿಡದ ಕೆಲಸ ಅರ್ಧಕ್ಕ ಬಿಟ್ಟದ್ದು ಇಡೀ ಹೈದರಾಬಾದಿನ್ಯಾಗ ಯಾರರ ನೋಡ್ಯಾರೇನು?"

ಶನಿವಾರ ಮುಂಜಾನೆ ಚಹಾ ಕುಡಕೋತ ನರಹರಿರಾಯರು ಹಿಂಗ ಪ್ರತಿಜ್ಞಾ ಮಾಡಿದ್ರು. ಅವರ ಹೆಂಡ್ತಿ ಯಮುನಾಬಾಯಿ ಅಡಿಗಿಮನಿ ಬಾಗಲದಾಗ ನಿಂತು ಪೂರ್ತಿ ಕೇಳಿದ್ರು.

"ಅರ್ಧಕ್ಕ ಬಿಡೂದಿಲ್ಲ, ಖರೇ. ಪೂರಾ ಹಾಳ ಮಾಡೇ ಬಿಡತೀರಿ."

ಅಂದದ್ದು ಚ್ಯಾಷ್ಟಿಗೆ. ಆದ್ರ ಅಸ್ತು ಅನ್ನೋ ದೇವತಿಗೋಳು ಮನಿ ಮ್ಯಾಲೇ ತಿರಗಾಡಾಕತ್ತಿರತಾವ ಅಂತಾರಲ್ಲ, ಅವತ್ತು ಅವು ದಿಲ್‌ಸುಖ್‌ನಗರದ ಕಡೇನ ಬಂದಿದ್ದವು ಅಂತ ಕಾಣಸ್ತೈತಿ.

ಪುಸ್ತಕ ಅಂದ್ರ ಹಾಡಿನ ಪುಸ್ತಕ. ರಾಯರ ಮನಿಯಿಂದ ಎರಡು ಗಲ್ಲಿ ದಾಟಿದ್ರ ಕೃಷ್ಣಾಬಾಯಿ ಕಾಕು ಅಂತ ಹಿರೇ ಜೀವ ಒಂದಿತ್ತು. ನಿಜಾಮನ ಕಾಲದಾಗ ರಾಯಚೂರು, ಕಲಬುರ್ಗಿ ಕಡೆಯಿಂದ ನೌಕರಿಗಂತ ಬಂದ ಮನೆತನಗಳ ಹೆಣ್ಣಮಕ್ಕಳು ಇಲ್ಲೇ ಕಟ್ಟಿ ಇಲ್ಲೇ ಹಾಡಿದ ಹಾಡು ಆಕಿ ಬಾಯಾಗ ಉಳದಿದ್ದವು. ಉರುಟಣಿ ಹಾಡು, ತೊಟ್ಟಿಲ ಹಾಡು, ಬೀಗರ ಹಾಡು. ನಾಂಪಲ್ಲಿ ಸ್ಟೇಷನ್ದಾಗ ಇಳದ ಬೀಗಿತ್ತಿನ್ನ ಛೇಡಸೋ ಹಾಡು ಧಾರವಾಡದ ಯಾವ ಪುಸ್ತಕದಾಗ ಸಿಗಬೇಕು, ನೀವ ಹೇಳ್ರಿ. ಕಾಕುನ ಮಂಚದ ಬಾಜೂಕ ಕೂತು ಯಮುನಾಬಾಯಿ ಒಂದು ವರ್ಷ ಅವನ್ನೆಲ್ಲಾ ಬರಕೊಂಡಿದ್ರು. ಈಗ ಕಾಕು ಹಾಸಿಗಿ ಬಿಟ್ಟು ಏಳತಿದ್ದಿಲ್ಲ. ಡಾಕ್ಟರು ಬಂದು ನಾಡಿ ನೋಡಿ, ಔಷಧಾ ಬರದು ಕೊಡದನ ಹೋಗಿದ್ರು.

"ಲಗೂ ಆಗ್ಲಿ ಯಮುನಾ. ಓದಾಕ ಕಣ್ಣಿಲ್ಲ, ಆದ್ರ ಜೀವ ಇರೂದ್ರಾಗ ಒಂದ್ಸಲ ಕೈಯಾಗ ಹಿಡೀತೀನಿ," ಅಂತ ಕಾಕು ಅಂದದ್ದು ಯಮುನಾಬಾಯಿ ಎದಿಯಾಗ ಕೂತಬಿಟ್ಟಿತ್ತು.

ಹಾಡೆಲ್ಲಾ ಇದ್ದದ್ದು ರಾಯರ ಕಂಪ್ಯೂಟರಿನ್ಯಾಗ. ಅಲ್ಲೊಂದ ಕಡೆ, ಮತ್ತೆಲ್ಲೂ ಇಲ್ಲ. ಯಾಕಂದ್ರ ರಾಯರು ರಕ್ಷಣಾ ಖಾತೆಯ ಕಾರ್ಖಾನಿಯೊಳಗ ಅಧಿಕಾರಿ ಆಗಿ ನಿವೃತ್ತರಾದವರು. ಅಲ್ಲೆ ಪೆನ್‌ಡ್ರೈವ್ ತಂದವನ್ನ ಗೇಟಿನ್ಯಾಗ ಹಿಡದು ಕೂಡಸ್ತಿದ್ರು. ಕೆಲಸ ಮುಗಿದ ಕಚ್ಚಾ ಕಾಗದ ಸಂಜಿಕ ಹರದು ಚೂರು ಮಾಡೋ ಕಾಯ್ದೆ ಇತ್ತು. ಆ ಕಾಯ್ದೆ ಪೆನ್ಷನ್ ಜೋಡಿ ಮನಿಗೂ ಬಂತು. ಕಂಪ್ಯೂಟರಿನ ಪೆನ್‌ಡ್ರೈವ್ ತೂತಿಗೆಲ್ಲಾ ರಾಯರು ಬಿಳೀ ಪಟ್ಟಿ ಅಂಟಿಸಿದ್ರು. ಯಮುನಾಬಾಯಿ ಒಂದು ಹಾಡು ಟೈಪ್ ಮಾಡಿ ಮುಗಿಸಿದ್ರೋ ಇಲ್ಲೋ, ಬರಕೊಂಡ ಹಾಳಿ ತಗೊಂಡು ಸ್ವತಃ ಕೂತು ಚೂರು ಚೂರು ಮಾಡತಿದ್ರು.

"ಕಾಕುನ ತೊಟ್ಟಿಲ ಹಾಡು ತಗೊಂಡು ಯಾವ ವೈರಿ ಏನ್ ಮಾಡ್ಯಾನ್ರೀ?"

"ಶಿಸ್ತು ಅನ್ನೂದು ವೈರಿ ಮಾರಿ ನೋಡಿ ಬರೂದಲ್ಲ ಯಮುನಾ."

ಶಿಸ್ತಿನ ಮಾತು ದೊಡ್ಡದು, ಆದ್ರ ಒಳಗ ಬ್ಯಾರೆ ಒಂದು ಕೊರಗಿತ್ತು. ನಿವೃತ್ತಿ ಆದಾಗಿಂದ ರಾಯರನ್ನ ಯಾರೂ ಅಪ್ಪಣಿ ಕೇಳತಿದ್ದಿಲ್ಲ. ಕಾರ್ಖಾನಿಯೊಳಗ ಅವರು ಹೂಂ ಅನ್ನದ ಒಂದು ಕುರ್ಚಿ ಈ ಖೋಲಿಯಿಂದ ಆ ಖೋಲಿಗೆ ಹೋಗ್ತಿದ್ದಿಲ್ಲ. ಈಗ ಮನಿಯೊಳಗ ಫ್ರಿಜ್ ಬದಲಾತು, ಕಿಡಕಿ ಪಡದೆ ಬದಲಾತು, ಹಾಲಿನವ ಸೈತ ಬದಲಾದ. "ಸಾಹೇಬ್ರ, ಮಾಡ್ಲೇನ್ರಿ?" ಅಂತ ಒಬ್ಬರೂ ಅನಲಿಲ್ಲ. ಮಧ್ಯಾಹ್ನದಾಗ ಒಬ್ಬರ ಕೂತು ತಿರಗೋ ಫ್ಯಾನ್ ನೋಡಕೋತ ಇರತಿದ್ರು. ಹಂಗ ಕೂತದ್ದು ಕಂಡಾಗ ಯಮುನಾಬಾಯಿ ಇನ್ನೊಂದು ಕಪ್ಪು ಚಹಾ ತಂದಿಡತಿದ್ರು.

ಅಂಥಾ ದಿನದಾಗ ರಾಯರಿಗೆ ಕಂಪ್ಯೂಟರ್ ನಡಸೋ ಲಿನಕ್ಸ್ ಅನ್ನೋ ವ್ಯವಸ್ಥೆ ಸಿಕ್ತು. ಅದ್ರಾಗ ಸಾಫ್ಟ್‌ವೇರ್ ಬೇಕಂದ್ರ ಅಂಗಡಿಗೆ ಹೋಗೂ ಕಾರಣಿಲ್ಲ. ಪ್ಯಾಕೇಜ್ ಮ್ಯಾನೇಜರ್ ಅಂತ ಒಂದು ಐತಿ. ಹೆಸರು ಹೇಳಿದ್ರ ಇಂಟರ್ನೆಟ್ಟಿನಿಂದ ತಾನ ತರತೈತಿ, ಅದಕ್ಕ ಬೇಕಾದ ಸಣ್ಣಪುಟ್ಟ ಸಾಮಾನೂ ತರತೈತಿ, ಅಡ್ಡ ಬರೋದನ್ನ ತಗದು ಒಗೀತೈತಿ. ಆದ್ರ ಒಂದು ಕಡ್ಡಿ ಸರಸೂದಿದ್ರೂ ಮೊದಲ ಎಲ್ಲಾ ವಿವರ ಮುಂದಿಟ್ಟು ಕೇಳತೈತಿ: ಮುಂದುವರಸ್ಲೇನು? ಹೌದೋ, ಅಲ್ಲೋ?

ಮೊದಲ ಸಲ ಅದನ್ನ ಓದಿದಾಗ ರಾಯರು ಕನ್ನಡಕ ತಗದು ಒರಸಿಕೊಂಡ್ರು. ಭಾಳ ದಿನದ ಮ್ಯಾಲ ಯಾರೋ ಕೇಳಿದ್ರು ಅವರನ್ನ. ಅವತ್ತಿನಿಂದ ಬೇಕಾದದ್ದು, ಬ್ಯಾಡಾದದ್ದು ಎಲ್ಲಾ ತರಿಸಿದ್ರು. ಆಕಾಶದ ನಕ್ಷತ್ರ ತೋರಸೂದು ಬಂತು, ಚದುರಂಗ ಬಂತು, ಯಾರೂ ನುಡಸದ ಪಿಯಾನೋ ಬಂತು. ಪ್ರತಿ ಸಲ ಅದು ಕೇಳೂದು, ಇವರು ಗಂಭೀರ ಮಾರಿ ಮಾಡಿ ಹೌದು ಒತ್ತೂದು. ಅಷ್ಟರ ಮಟ್ಟಿಗೆ ಮಧ್ಯಾಹ್ನ ಕಳೀತಿತ್ತು.

ಇಷ್ಟಾದ ಮ್ಯಾಲ ಆ ಶನಿವಾರ. ಪುಟ ಕಟ್ಟೋ ಸಾಫ್ಟ್‌ವೇರಿನ ಹೊಸಾದ್ದೊಂದು ಬೇಕಾಗಿತ್ತು. ಇದ್ದದ್ರಾಗ ಕನ್ನಡದ ಒತ್ತು ತಮ್ಮ ಅಕ್ಷರ ಬಿಟ್ಟು ಓಡಿ ಹೋಗ್ತಿದ್ದವು. ರಾಯರು ಹೆಸರು ಬರದು ಹುಕುಂ ಕೊಟ್ರು. ಮ್ಯಾನೇಜರ್ ಅಂತು: ಇದಕ್ಕ ಇನ್ನೊಂದು ಬೇಕು. ಆ ಇನ್ನೊಂದು ತಾ ಅಂದ್ರ: ಅದು ಬಂದ್ರ ಹಳೇದು ಇರೂಹಂಗಿಲ್ಲ. ಹಳೇದು ತಗೀ ಅಂದ್ರ: ಹಳೇದನ್ನ ನಂಬಿ ಭಾಳ ಮಂದಿ ಅದಾರ. ಎತ್ತು ಏರಿಗೆ, ಕ್ವಾಣ ನೀರಿಗೆ.

"ಊಟಕ್ಕ ಬರ್ರಿ."

"ತಡಿ. ಇಲ್ಲೆ ಖಾತೆ ಖಾತೆ ನಡಕ ಜಗಳ ಹತ್ತೈತಿ. ನಾ ಎದ್ರ ಬಗಿಹರಿಯೂದಿಲ್ಲ."

"ಸಾರು ಆರಾಕತ್ತೈತಿ."

"ಆರ್ಲಿ. ಜಗಳಾನೂ ಆರ್ಲಿ."

ಜಗಳ ಆರಲಿಲ್ಲ, ಸಾರೊಂದ ಆರ್ತು. ಇಂಟರ್ನೆಟ್ಟಿನ್ಯಾಗ ಹುಡಕಿದ್ರ ಒಬ್ಬ ಪುಣ್ಯಾತ್ಮ ಬರದಿದ್ದ: ಜಗಳಕ್ಕ ಮೂಲ ಆದ ಹಳೇ ಭಾಗಾನ ಕಿತ್ತು ಒಗೀರಿ. ಅದ್ರ ಕೆಳಗ ಇನ್ನೊಬ್ಬ ಬರದಿದ್ದ: ಹಂಗ ಮಾಡಬ್ಯಾಡ್ರಿ, ನಾ ಮಾಡಿ ಕೆಟ್ಟೆ. ರಾಯರು ಸರ್ವಿಸಿನ್ಯಾಗ ಕೆಳಗಿನವರ ಟಿಪ್ಪಣಿ ಎಂದೂ ಓದಿದವರಲ್ಲ. ಮ್ಯಾಲಿನವ ಹೇಳಿದಂಗ ಹುಕುಂ ಕೊಟ್ರು. ಪಡದೆ ತುಂಬ ಹೆಸರು ಉದುರಿದವು. ಇವೆಲ್ಲಾ ಹೋಗತಾವ, ಮುಂದುವರಸ್ಲೇನು?

"ಏನ್ರೀ ಅದು ಅಷ್ಟುದ್ದ?" ಯಮುನಾಬಾಯಿ ಬಗ್ಗಿ ನೋಡಿದ್ರು. "ಒಂದೀಟು ಓದ್ರಿ."

"ಓದಕೋತ ಕೂತಿದ್ರ ನಮ್ಮ ಕಾರ್ಖಾನಿ ನಡೀತಿತ್ತೇನು?" ಅಂದು ಹೌದು ಒತ್ತಿದ್ರು.

ಆ ಉದುರಿದ ಹೆಸರಿನ್ಯಾಗ ಪಡದೆ ಮ್ಯಾಲ ಚಿತ್ರ ತೋರಸೋ ಸಾಮಾನೂ ಇತ್ತು. ಮ್ಯಾನೇಜರ್ ಹೇಳೇ ತಗದಿತ್ತು ಪಾಪ, ಅದ್ರ ತಪ್ಪೇನಿಲ್ಲ. ಬಂದ್ ಮಾಡಿ ಚಾಲೂ ಮಾಡಿದ್ರ ಕರೀ ಪಡದೆ, ಮೂಲಿಯೊಳಗ ನಾಕು ಬಿಳೀ ಅಕ್ಷರ. ನಕ್ಷತ್ರ ಇಲ್ಲ, ಪಿಯಾನೋ ಇಲ್ಲ, ಏನೂ ಇಲ್ಲ.

"ಹಾಡು?" ಯಮುನಾಬಾಯಿ ಕೇಳಿದ್ದು ಅದೊಂದ ಶಬ್ದ.

"ಒಳಗ ಅದಾವ. ಒಂದಕ್ಷರಾನೂ ಹೋಗಿಲ್ಲ. ಬಾಗಲಾ ಬಿದ್ದೈತಿ, ಮನಿ ಹಂಗ ಐತಿ."

ಆ ಎರಡು ದಿನದಾಗ ರಾಯರು ಆಡಿದ್ದ್ರಾಗ ಖರೇ ಮಾತು ಇದೊಂದ. ಹಾಡೆಲ್ಲಾ ಇದ್ದವು. ಆ ಕರೀ ಪಡದೆಯೊಳಗ ಒಂದು ಸಾಲು ಟೈಪ್ ಮಾಡಿದ್ರ ಚಿತ್ರ ತೋರಸೋ ಸಾಮಾನು ತಿರುಗಿ ಬರತಿತ್ತು. ಕೈ ಕಟ್ಟಿ ಸುಮ್ಮನ ಕೂತಿದ್ರೂ ನಡೀತಿತ್ತು. ಆದ್ರ ಸುಮ್ಮನ ಕೂಡೋದು ಅವರಿಗೆ ಸಾಕಾಗಿ ಹೋಗಿತ್ತಲ್ಲ.

ರವಿವಾರ ಮುಂಜಾನೆ ಮೆಟ್ರೋ ಹತ್ತಿ ಅಮೀರ್‌ಪೇಟ್‌ಗೆ ಹೋದ್ರು. ಕಂಪ್ಯೂಟರ್ ಕ್ಲಾಸುಗಳ ಗಲ್ಲಿಯೊಳಗ ಒಂದು ಅಂಗಡಿಯವ ಪೆನ್‌ಡ್ರೈವಿನ್ಯಾಗ ಪೂರಾ ಹೊಸಾ ಲಿನಕ್ಸ್ ತುಂಬಿಸಿ ಕೊಟ್ಟ. ಕೊಡೂ ಮುಂದ, "ಅಂಕುಲ್, ಬ್ಯಾಕಪ್ ತೀಸುಕುನ್ನಾರಾ?" ಅಂದ. ಇದ್ದದ್ದರ ನಕಲು ತಗದಿಟ್ಟೀರೇನು ಅಂತ. "ಅಂತಾ ಉಂದಿ," ಎಲ್ಲಾ ಐತಿ ಅಂದ್ರು ರಾಯರು. ನಕಲು ಇಲ್ಲ ಅಂತ ಒಪ್ಪಿಕೊಂಡ್ರ ಅಧಿಕಾರಿ ಮಾನ ಏನಾಗಬೇಕು?

ಮನಿಗೆ ಬಂದು, ತಾವ ಅಂಟಿಸಿದ ಬಿಳೀ ಪಟ್ಟಿ ತಾವ ಕಿತ್ತರು.

"ಅಂತೂ ಪೆನ್‌ಡ್ರೈವ್ ಮನಿಯೊಳಗ ಬಂತು," ಅಂದ್ರು ಯಮುನಾಬಾಯಿ. "ಬಂದದ್ದು ಬಂತು, ಮೊದಲ ನನ್ನ ಹಾಡು ಅದ್ರಾಗ ತಗದಿಡ್ರಿ. ಆಮ್ಯಾಲ ಬೇಕಾದ್ದು ಮಾಡ್ಕೋರಿ."

"ಒಂದು ಕೆಲಸಕ್ಕ ತಂದದ್ದು ಇನ್ನೊಂದಕ್ಕ ಬಳಸೂ ಹಂಗಿಲ್ಲ. ನಿಯಮ."

"ಯಾರ ನಿಯಮ?"

"ನಿಯಮ ಅಂದ್ರ ನಿಯಮ."

ರಾಯರು ಪೆನ್‌ಡ್ರೈವ್ ಚುಚ್ಚಿದ್ರು. ಹೊಸಾ ಲಿನಕ್ಸ್ ಭಾಳ ಮರ್ಯಾದಿಯಿಂದ ಕೇಳ್ತು: ಡಿಸ್ಕ್ ಪೂರಾ ಅಳಿಸಿ ಹೊಸದಾಗಿ ಹಾಕ್ಲೇನು? ಕೆಟ್ಟದ್ದನ್ನ ಅಳಸೂದು ಒಳ್ಳೇದ ಅಲ್ಲೇನು, ಅಂತ ಹೌದು ಒತ್ತಿದ್ರು. ಅದು ಮತ್ತ ಕೇಳ್ತು: ಅಳಿಸಿದ್ದು ತಿರುಗಿ ಬರೂದಿಲ್ಲ, ಖರೇನ ಹೌದೇನು? ರಾಯರಿಗೆ ಹೃದಯ ತುಂಬಿ ಬಂತು.

"ನೋಡಿಲ್ಲೆ ಯಮುನಾ. ಎರಡೆರಡು ಸಲ ವಿಚಾರಸ್ತೈತಿ. ಇಂಥಾ ಒಬ್ಬ ಗುಮಾಸ್ತ ನನ್ನ ಕೈಕೆಳಗ ಇದ್ದಿದ್ರ ನಾ ಎಲ್ಲಿಗೆ ಹೋಗತಿದ್ದೆ."

ಹೌದು ಒತ್ತಿದ್ರು.

ಹೊಸಾ ಪಡದೆ ಬಂತು. ಚಂದದ ಗುಡ್ಡ, ಗುಡ್ಡದ ಹಿಂದ ಸೂರ್ಯ. ಯಮುನಾಬಾಯಿ ಕುರ್ಚಿ ಎಳಕೊಂಡು ಕೂತು ಹಾಡು ಇಟ್ಟಿದ್ದ ಜಾಗಾ ತಗದ್ರು. ಖಾಲಿ. ಇನ್ನೊಂದು ತಗದ್ರು. ಅದೂ ಖಾಲಿ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ಅವರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ರ ರಾಯರು ಬದಕತಿದ್ರು. ಎದ್ದು ಹೋಗಿ ಅಡಿಗಿಮನಿ ದೀಪ ಆರಿಸಿ, ನಡುಮನಿಯೊಳಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ರು. ಆ ಸಂಜಿಕ ಮನಿಯೊಳಗ ಒಲಿ ಹತ್ತಲಿಲ್ಲ.

ಸೋಮವಾರ ರಾಯರು ಕಂಪ್ಯೂಟರ್ ಡಬ್ಬಿ ಆಟೋದಾಗ ಹಾಕ್ಕೊಂಡು ಮತ್ತ ಅಮೀರ್‌ಪೇಟ್‌ಗೆ ಓಡಿದ್ರು. ಅಂಗಡಿಯವ ಸಂಜೀತನಕ ಅಳಿಸಿಹೋದ ಡಿಸ್ಕಿನ್ಯಾಗ ಕೈ ಆಡಿಸಿ ಒಂದೇ ಒಂದು ಚಿತ್ರ ಹೊರಗ ತಗದ. ರಾಯರ ನಿವೃತ್ತಿ ಸಮಾರಂಭದ್ದು. ಮಾಲಿ ಹಾಕ್ಕೊಂಡು, ಶಾಲು ಹೊದಕೊಂಡು ನಿಂತದ್ದು.

ಯಮುನಾಬಾಯಿ ಅದನ್ನ ನೋಡಿದ್ರು. "ಅಂತೂ ನೀವು ಉಳದ್ರಿ," ಅಂದ್ರು. ಹಾಡು ಹೋದ ಮ್ಯಾಲ ಆಡಿದ ಮೊದಲ ಮಾತು ಅದು. ಚಪ್ಪಲಿ ಮೆಟ್ಟಿ, "ನಡೀರಿ. ಕಾಕುಗ ನೀವ ಹೇಳ್ರಿ," ಅಂದ್ರು.

ಕಾಕು ತಲಿಗಿಂಬಿಗೆ ಒರಗಿ ಕೂತಿದ್ರು. ಹೆಜ್ಜಿ ಸಪ್ಪಳ ಗುರ್ತು ಹಿಡದು, ಪುಸ್ತಕ ತಂದಾರಂತ ಎರಡೂ ಕೈ ಮುಂದ ಚಾಚಿದ್ರು. ಆ ಕೈ ನೋಡಿ ರಾಯರಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇನು ಅನಸ್ತು.

"ಕಾಕು, ಹಾಡು ಹೋದವು. ನಾ ಅಳಿಸಿಬಿಟ್ಟೆ."

"ಎಲ್ಲಾ?"

"ಎಲ್ಲಾ."

ಕಾಕು ಚಾಚಿದ ಕೈ ನಿಧಾನಕ್ಕ ಕೌದಿ ಮ್ಯಾಲ ಇಟ್ಕೊಂಡ್ರು. "ಅಳಸೂ ಮುಂದ ಆ ಮಿಷೀನು ಏನೂ ಅನಲಿಲ್ಲೇನೋ?"

"ಕೇಳ್ತು ಕಾಕು. ಎರಡು ಸಲ ಕೇಳ್ತು. ನಾನ ಹೂಂ ಅಂದೆ."

"ಬೈಯಾಕೂ ಬಿಡೂದಿಲ್ಲಲ್ಲೋ ನೀ." ಕಾಕು ಹಲ್ಲಿಲ್ಲದ ಬಾಯಾಗ ನಕ್ಕರು. "ಹೋಗ್ಲಿ ತಗೋ. ಹಾಡು ಹುಟ್ಟಿದ್ದು ನಿನ್ನ ಡಬ್ಬಿಯಾಗ ಅಲ್ಲ. ಯಮುನಾನ ಕೈ ಸೋತಾವ, ಈ ಸಲ ನೀ ಬರಿ."

ಹುಟ್ಟಾ ಕನ್ನಡದವರಾದ್ರೂ ರಾಯರು ಸರ್ವಿಸಿನ ತುಂಬ ಬರದದ್ದು ಇಂಗ್ಲೀಷು. ನೆಲಕ್ಕ ಚಕ್ಕಳಮಕ್ಕಳ ಹಾಕ್ಕೊಂಡು ಕೂತು, ಹಾಳಿ ಮ್ಯಾಲ ಒಂದೊಂದ ಅಕ್ಷರ ತೊಳಕೊಂಡು ಇಟ್ಟಂಗ ಇಟ್ಟರು. ಕಾಕು ಹೇಳಿದ್ರು: ನಾಂಪಲ್ಲಿ ಠೇಸಣಕ ಬಂದಿಳದ ಬೀಗಿತ್ತಿ, ಟಾಂಗಾ ಸಣ್ಣದಂತ ಮಾರಿ ಉಬ್ಬಿಸಿ... ಮಾರಿ ಉಬ್ಬಿಸಿ...

ನಿಂತರು. ತುಟಿ ಅಲಗಾಡಿದವು, ಮುಂದಿನ ಸಾಲು ಬರಲಿಲ್ಲ. ಮತ್ತ ಮೊದಲಿಂದ ಹಿಡದ್ರು, ಮತ್ತ ಅಲ್ಲೇ ಬಂದು ನಿಂತರು.

"ಮುಂದ ಏನ ಯಮುನಾ? ನಿನಗ ಹೇಳಿದ್ನಲ್ಲ."

"ಬರಕೊಂಡೇನಿ ಅಂತ ನೆನಪ ಇಟ್ಕೊಳ್ಳಲಿಲ್ಲ ಕಾಕು," ಅಂದ್ರು ಯಮುನಾಬಾಯಿ. ತಡದ ಅಳು ಆಗ ಬಂತು.

ರಾಯರು ಪೆನ್ನು ಹಿಡದು ಕಾದ್ರು. ಗಲ್ಲಿಯೊಳಗ ಯಾವನೋ ಭಾಜಿ ಮಾರಕೋತ ಹೋದ. ಕಾಕು ಭಾಳ ಹೊತ್ತು ಆ ಒಂದು ಸಾಲು ಹುಡಕಿದ್ರು, ಆಮ್ಯಾಲ ಹುಡಕೂದು ಬಿಟ್ಟರು. ರಾಯರ ತಲಿ ಮ್ಯಾಲ ಕೈ ಆಡಿಸಿದ್ರು.

"ನೀ ಪುಣ್ಯವಂತ ಬಿಡೋ ನರಹರಿ. ನಿನ್ನ ಮಿಷೀನು ಅಳಸೂ ಮುಂದ ಎರಡು ಸಲ ಕೇಳ್ತು. ನನಗ ಯಾರೂ ಒಂದ್ಸಲಾನೂ ಕೇಳಲಿಲ್ಲ ನೋಡು."